ಅಲ್ ಬಿರೂನಿ ಮತ್ತು ಚದುರಂಗದ ಮಹಾಸಂಖ್ಯೆ

ಚದುರಂಗದ ಮಣೆಯ ಕಥೆಯನ್ನು ನೀವು ಬಾಲ್ಯದಲ್ಲಿ ಕೇಳಿಯೇ ಇರುತ್ತೀರಿ. ಚದುರಂಗದ ಆಟವನ್ನು ರೂಪಿಸಿದ ಜಾಣನೊಬ್ಬನಿಗೆ ರಾಜನು ಮೆಚ್ಚಿ, ಬೇಕಾದ ಬಹುಮಾನ ಕೇಳು ಎಂದನಂತೆ. ಆತ ಚಿನ್ನ ಕೇಳಲಿಲ್ಲ, ಜಮೀನು ಕೇಳಲಿಲ್ಲ. ಮಣೆಯ ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಎಂಟು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಇಡುತ್ತಾ 64 ಮನೆಗಳನ್ನು ತುಂಬಿಸಿ ಕೊಟ್ಟರೆ ಸಾಕು ಎಂದ. ಇಷ್ಟೇ ತಾನೇ ಎಂದು ರಾಜ ನಕ್ಕ. ಆದರೆ ಲೆಕ್ಕಿಗರು ಲೆಕ್ಕ ಮುಗಿಸಿ ಬಂದಾಗ ಆ ನಗು ಮಾಯವಾಗಿತ್ತು.

ಇದು ದಂತಕಥೆ. ಆ ರಾಜನೂ ಆ ಜಾಣನೂ ನಿಜವಾಗಿ ಇದ್ದರೋ ಇಲ್ಲವೋ, ಕಥೆಯಲ್ಲಿ ಬರುವ ಸಂಖ್ಯೆ ಮಾತ್ರ ಅಪ್ಪಟ ನಿಜ. ಅದು ಹೀಗಿದೆ: 1,84,46,74,40,73,70,95,51,615. ಒಟ್ಟು 20 ಅಂಕಿಗಳು. ಕೋಟಿಯನ್ನು ಕೋಟಿಯಿಂದ ಗುಣಿಸಿ, ಅಂಥವು ಒಂದು ಲಕ್ಷದ ಎಂಬತ್ತನಾಲ್ಕು ಸಾವಿರಕ್ಕೂ ಹೆಚ್ಚು ಸೇರಿದರೆ ಈ ಸಂಖ್ಯೆ ಬರುತ್ತದೆ. ಸಾವಿರ ಗೋಧಿ ಕಾಳಿಗೆ 40 ಗ್ರಾಂ ಎಂದು ಹಿಡಿದರೂ ರಾಜ ಕೊಡಬೇಕಾದದ್ದು 73 ಸಾವಿರ ಕೋಟಿ ಟನ್ನಿಗಿಂತ ಹೆಚ್ಚು. ಇಂದು ಇಡೀ ಜಗತ್ತು ಒಂದು ವರ್ಷದಲ್ಲಿ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್. ಅಂದರೆ ಒಂಬತ್ತು ಶತಮಾನಗಳ ಬೆಳೆಯನ್ನು ಒಂದು ಕಾಳೂ ತಿನ್ನದೆ ಕೂಡಿಡಬೇಕು! ಸೆಕೆಂಡಿಗೆ ಒಂದರಂತೆ ಹಗಲಿರುಳು ಎಣಿಸುತ್ತಾ ಕುಳಿತರೆ ಮುಗಿಯಲು 58 ಸಾವಿರ ಕೋಟಿ ವರ್ಷಗಳು ಬೇಕು.

ಇಂಥ ಸಂಖ್ಯೆಯನ್ನು ಯಂತ್ರಗಳಿಲ್ಲದ ಕಾಲದಲ್ಲಿ ಕಂಡುಹಿಡಿಯುವುದು ಹೇಗೆ? ಅರವತ್ತನಾಲ್ಕು ಮನೆಗಳಿಗೂ ಇಮ್ಮಡಿ ಮಾಡುತ್ತಾ ಹೋಗಿ, ಅವನ್ನೆಲ್ಲ ಕೂಡಿಸುವುದು ಒಂದು ದಾರಿ. ಅದು ಬೆವರಿನ ದಾರಿ. ನಡುವೆ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಸಾವಿರ ವರ್ಷಗಳ ಹಿಂದೆ ಇಪ್ಪತ್ತೇಳರ ಆಸುಪಾಸಿನ ಯುವಕನೊಬ್ಬ ಇನ್ನೊಂದು ದಾರಿಯನ್ನು ಬರೆದಿಟ್ಟರು. ಅವರೇ ಅಬೂ ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್ ಬಿರೂನಿ. ಈ ಸಂಖ್ಯೆ ಅವರಿಗಿಂತ ಮುಂಚೆಯೂ ವಿದ್ವಾಂಸರಿಗೆ ತಿಳಿದಿತ್ತು. ಆದರೆ ಅದನ್ನು ತಲುಪುವ ಕ್ರಮವನ್ನು ಎರಡು ಸರಳ ನಿಯಮಗಳಾಗಿ ವಿವರಿಸಿ ಓದುಗರ ಕೈಗಿತ್ತದ್ದು ಅವರ ಹಿರಿಮೆ.

ಹೊರವಲಯದ ಹುಡುಗ

ಅಲ್ ಬಿರೂನಿಯವರು ಹುಟ್ಟಿದ್ದು ಕ್ರಿ.ಶ. 973ರ ಸೆಪ್ಟೆಂಬರ್ 4ರಂದು, ಖ್ವಾರಿಝ್ಮ್ ಪ್ರಾಂತದ ಕಾಸ್ ಎಂಬ ನಗರದ ಬಳಿ. ಅಮೂ ದರಿಯಾ ನದಿಯ ದಡದ ಆ ಪ್ರದೇಶ ಈಗ ಉಜ್ಬೇಕಿಸ್ತಾನದಲ್ಲಿದೆ. ಅಲ್ಲಿನ ಪಟ್ಟಣಕ್ಕೆ ಇಂದು ಅವರದೇ ಹೆಸರು. ಬಿರೂನಿ ಎಂದರೆ ಹೊರಗಿನವನು, ನಗರದ ಹೊರವಲಯದವನು ಎಂದರ್ಥ. ಅವರ ಮನೆಮಾತು ಖ್ವಾರಿಝ್ಮೀ ಭಾಷೆ. ಆ ಭಾಷೆಯಲ್ಲಿ ವಿಜ್ಞಾನದ ಗ್ರಂಥಗಳಿರಲಿಲ್ಲ. ಓದಿನ ಭಾಷೆಗಳಾದ ಅರಬಿ ಮತ್ತು ಫಾರ್ಸಿಯನ್ನು ಅವರು ಕಲಿತೇ ತಮ್ಮದಾಗಿಸಿಕೊಳ್ಳಬೇಕಾಯಿತು. ಮನೆಯಲ್ಲಿ ಒಂದು ಭಾಷೆ, ಮದ್ರಸದಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಎಂದು ಕಷ್ಟಪಡುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಲಿ.

ಅವರಿಗೆ ಒಳ್ಳೆಯ ಗುರು ಸಿಕ್ಕಿದರು. ಅಬೂ ನಸ್ರ್ ಮನ್ಸೂರ್ ಆಳುವ ಮನೆತನಕ್ಕೆ ಸೇರಿದವರು, ಸ್ವತಃ ಶ್ರೇಷ್ಠ ಗಣಿತಜ್ಞರು. ಅವರ ಕೈಕೆಳಗೆ ಕಲಿತ ಹುಡುಗ ಹದಿಹರೆಯದಲ್ಲೇ ಸೂರ್ಯನ ಎತ್ತರವನ್ನು ಅಳೆದು ತನ್ನೂರಿನ ಅಕ್ಷಾಂಶವನ್ನು ಲೆಕ್ಕ ಹಾಕಿದ.

ಆದರೆ ಕ್ರಿ.ಶ. 995ರಲ್ಲಿ ಯುದ್ಧ ಬಂತು. ಗುರುಗಳ ಮನೆತನ ಅಧಿಕಾರ ಕಳೆದುಕೊಂಡಿತು. ಇಪ್ಪತ್ತೆರಡರ ಬಿರೂನಿ ಊರು ಬಿಟ್ಟು ಓಡಬೇಕಾಯಿತು. ಮುಂದಿನ ಕೆಲವು ವರ್ಷ ಅಲೆದಾಟ ಮತ್ತು ಬಡತನ. ಅಂಥ ಹೊತ್ತಿನಲ್ಲೂ ಅವರು ಕೆಲಸ ನಿಲ್ಲಿಸಲಿಲ್ಲ. 997ರ ಮೇ 24ರಂದು ಸಂಭವಿಸಿದ ಚಂದ್ರಗ್ರಹಣವನ್ನು ಕಾಸ್ ನಗರದಿಂದ ಅವರೂ, ಬಗ್ದಾದ್‌ನಿಂದ ಹಿರಿಯ ವಿಜ್ಞಾನಿ ಅಬುಲ್ ವಫಾ ಅವರೂ ಮೊದಲೇ ಮಾತನಾಡಿಕೊಂಡು ವೀಕ್ಷಿಸಿದರು. ಗ್ರಹಣ ಎಲ್ಲೆಡೆ ಒಂದೇ ಕ್ಷಣದಲ್ಲಿ ಆಗುತ್ತದೆ, ಆದರೆ ಸ್ಥಳೀಯ ಸಮಯ ಬೇರೆ ಬೇರೆ. ಆ ವ್ಯತ್ಯಾಸದಿಂದ ಎರಡು ನಗರಗಳ ರೇಖಾಂಶದ ಅಂತರವನ್ನು ಲೆಕ್ಕ ಹಾಕಿದರು.

ಎರಡು ನಿಯಮಗಳು

ಕ್ರಿ.ಶ. 1000ದ ಸುಮಾರಿಗೆ ಕ್ಯಾಸ್ಪಿಯನ್ ಸಮುದ್ರದ ಸಮೀಪದ ಜುರ್ಜಾನ್‌ನಲ್ಲಿ, ಅಲ್ಲಿನ ದೊರೆ ಕಾಬೂಸ್‌ನ ಆಶ್ರಯದಲ್ಲಿದ್ದಾಗ, ಅವರು 'ಅಲ್ ಆಸಾರುಲ್ ಬಾಕಿಯಾ' ಎಂಬ ಗ್ರಂಥ ಬರೆದರು. ಪಾರಸಿಕರು, ಯಹೂದಿಗಳು, ಕ್ರೈಸ್ತರು, ಅರಬರು ಮುಂತಾದ ಜನಾಂಗಗಳು ದಿನ, ತಿಂಗಳು, ವರ್ಷಗಳನ್ನು ಹೇಗೆ ಎಣಿಸುತ್ತಾರೆ, ಯಾವ ಹಬ್ಬಗಳನ್ನು ಎಂದು ಆಚರಿಸುತ್ತಾರೆ ಎಂಬುದರ ಅಧ್ಯಯನ ಅದು. ಚದುರಂಗದ ಮಹಾಸಂಖ್ಯೆಯ ಲೆಕ್ಕ ಬರುವುದು ಅದೇ ಗ್ರಂಥದಲ್ಲಿ.

ಅವರ ಮೊದಲನೆಯ ನಿಯಮ ಇದು. ಯಾವುದೇ ಮನೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ, ಮೊದಲ ಮನೆಯಿಂದ ಆ ಮನೆ ಎಷ್ಟು ದೂರವಿದೆಯೋ ಅಷ್ಟೇ ದೂರ ಮುಂದಿರುವ ಮನೆಯ ಸಂಖ್ಯೆ ಸಿಗುತ್ತದೆ. ಐದನೆಯ ಮನೆಯಲ್ಲಿ 16 ಕಾಳುಗಳಿವೆ. ಒಂದರಿಂದ ಐದಕ್ಕೆ ನಾಲ್ಕು ಹೆಜ್ಜೆ. ಐದರಿಂದ ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಒಂಬತ್ತನೆಯ ಮನೆ. ಹದಿನಾರು ಹದಿನಾರಲೆ 256. ಒಂಬತ್ತನೆಯ ಮನೆಯಲ್ಲಿ ಇರುವುದೂ 256 ಕಾಳು!

ಎರಡನೆಯ ನಿಯಮ ಇನ್ನೂ ಸುಲಭ. ಯಾವುದೇ ಮನೆಯ ಸಂಖ್ಯೆಯಿಂದ ಒಂದನ್ನು ಕಳೆದರೆ, ಅದರ ಹಿಂದಿನ ಎಲ್ಲ ಮನೆಗಳ ಒಟ್ಟು ಮೊತ್ತ ಬರುತ್ತದೆ. ಆರನೆಯ ಮನೆಯಲ್ಲಿ 32. ಒಂದು ಕಳೆದರೆ 31. ಹಿಂದಿನ ಐದು ಮನೆಗಳ 1, 2, 4, 8, 16 ಇವುಗಳನ್ನು ಕೂಡಿಸಿ ನೋಡಿ, 31 ಬರುತ್ತದೆ.

ಈಗ ಈ ಎರಡನ್ನೂ ಜೋಡಿಸಿ. ನಮಗೆ ಬೇಕಾದದ್ದು 64 ಮನೆಗಳ ಮೊತ್ತ. ಮಣೆಯಲ್ಲಿ ಇಲ್ಲದ 65ನೆಯ ಮನೆಯೊಂದನ್ನು ಊಹಿಸಿಕೊಂಡು, ಅದರ ಸಂಖ್ಯೆ ಕಂಡುಹಿಡಿದು ಒಂದನ್ನು ಕಳೆದರೆ ಮುಗಿಯಿತು. ಐದನೆಯ ಮನೆಯ 16ರ ವರ್ಗ ಒಂಬತ್ತನೆಯ ಮನೆಯ 256. ಅದರ ವರ್ಗ ಹದಿನೇಳನೆಯ ಮನೆಯ 65,536. ಅದರ ವರ್ಗ ಮೂವತ್ತಮೂರನೆಯ ಮನೆಯ 4,29,49,67,296. ಅದರ ವರ್ಗ ಅರವತ್ತೈದನೆಯ ಮನೆಯ 1,84,46,74,40,73,70,95,51,616. ಒಂದನ್ನು ಕಳೆಯಿರಿ. ಉತ್ತರ ನಿಮ್ಮ ಮುಂದಿದೆ. ಅರವತ್ತಕ್ಕೂ ಹೆಚ್ಚು ಹಂತಗಳ ಕೆಲಸ ನಾಲ್ಕು ಗುಣಾಕಾರ, ಒಂದು ವ್ಯವಕಲನದಲ್ಲಿ ಮುಗಿಯಿತು!

ಬಿರೂನಿಯವರು ಉತ್ತರ ಕೊಟ್ಟು ಸುಮ್ಮನಾಗಲಿಲ್ಲ. ಅಷ್ಟು ದೊಡ್ಡ ಸಂಖ್ಯೆ ಓದುಗರ ಮನಸ್ಸಿಗೆ ಇಳಿಯಬೇಕಲ್ಲ! ಅದಕ್ಕಾಗಿ ಅವರು ಅದನ್ನು ದಿರ್ಹಮ್ ನಾಣ್ಯಗಳೆಂಬಂತೆ ಭಾವಿಸಿ ಹಂತ ಹಂತವಾಗಿ ಭಾಗಿಸಿದರು. ಹತ್ತು ಸಾವಿರ ನಾಣ್ಯಗಳಿಗೆ ಒಂದು ಚೀಲ. ಎಂಟು ಚೀಲಗಳಿಗೆ ಒಂದು ಹೇಸರಗತ್ತೆ. ಹತ್ತು ಸಾವಿರ ಹೇಸರಗತ್ತೆಗಳಿಗೆ ಒಂದು ಹಿಂಡು. ಸಾವಿರ ಹಿಂಡುಗಳಿಗೆ ಒಂದು ನದಿ ಕಣಿವೆ. ಹತ್ತು ಸಾವಿರ ಕಣಿವೆಗಳಿಗೆ ಒಂದು ಬೆಟ್ಟ. ಇಷ್ಟೆಲ್ಲ ಹಂಚಿದ ಮೇಲೂ 2,305 ಬೆಟ್ಟಗಳು ಬೇಕಾಗುತ್ತವೆ. ಮಕ್ಕಳಿಗೆ ದೊಡ್ಡ ಸಂಖ್ಯೆಗಳ ಪಾಠ ಮಾಡುವ ಶಿಕ್ಷಕರು ಈ ಉಪಾಯವನ್ನು ಇಂದೂ ಬಳಸಬಹುದು.

ಭಾರತದ ಅಂಕಿ, ಕರ್ನಾಟದ ಲಿಪಿ

ಇಂಥ ಲೆಕ್ಕ ಸಾಧ್ಯವಾದದ್ದಕ್ಕೆ ಒಂದು ದೊಡ್ಡ ಕಾರಣ ಭಾರತದಲ್ಲಿ ಹುಟ್ಟಿದ ಸ್ಥಾನಮೌಲ್ಯದ ಅಂಕಿಗಳು ಮತ್ತು ಸೊನ್ನೆ. ಅವುಗಳ ಬಗ್ಗೆ ಒಂಬತ್ತನೆಯ ಶತಮಾನದಲ್ಲೇ ಅರಬಿಯಲ್ಲಿ ಗ್ರಂಥ ಬರೆದವರು ಅಲ್ ಖ್ವಾರಿಝ್ಮಿ. ಅವರ ಹೆಸರೇ ಹೇಳುವಂತೆ ಅವರ ಮೂಲವೂ ಬಿರೂನಿಯವರ ನಾಡೇ. ಆದರೆ ಬಿರೂನಿಯವರು ಆ ಅಂಕಿಗಳ ತವರಿಗೆ ಬಂದದ್ದು ತಮ್ಮ ಇಷ್ಟದಿಂದಲ್ಲ. 1017ರಲ್ಲಿ ಗಝ್ನಿಯ ಸುಲ್ತಾನ್ ಮಹ್ಮೂದ್ ಖ್ವಾರಿಝ್ಮನ್ನು ಗೆದ್ದುಕೊಂಡಾಗ ಅಲ್ಲಿನ ವಿದ್ವಾಂಸರನ್ನು ಗಝ್ನಿಗೆ ಒಯ್ಯಲಾಯಿತು. ಅವರಲ್ಲಿ ಬಿರೂನಿ ಇದ್ದರು, ಅವರ ಗುರು ಅಬೂ ನಸ್ರ್ ಕೂಡ ಇದ್ದರು. ಎರಡನೆಯ ಬಾರಿ ಅವರ ಬದುಕು ಬುಡಮೇಲಾಯಿತು. ಆಗ ಅವರಿಗೆ 44 ವರ್ಷ.

ಆ ವಯಸ್ಸಿನಲ್ಲಿ ಅವರು ಮಾಡಿದ್ದೇನು ಗೊತ್ತೇ? ಸಂಸ್ಕೃತ ಕಲಿತರು. ಹಣ ಕೊಟ್ಟು ಗ್ರಂಥಗಳನ್ನು ಸಂಗ್ರಹಿಸಿದರು. ಪಂಡಿತರ ಬಳಿ ಕುಳಿತು ಪ್ರಶ್ನೆ ಕೇಳಿದರು. ಪತಂಜಲಿಯ ಯೋಗಸೂತ್ರವನ್ನು ಅರಬಿಗೆ ತಂದರು. 1030ರ ಸುಮಾರಿಗೆ ಭಾರತದ ಧರ್ಮ, ತತ್ವಶಾಸ್ತ್ರ, ಗಣಿತ, ಖಗೋಳ, ಆಚಾರ ವಿಚಾರಗಳ ಕುರಿತ 'ಕಿತಾಬುಲ್ ಹಿಂದ್' ಎಂಬ ಮಹಾಗ್ರಂಥವನ್ನು ಪೂರ್ಣಗೊಳಿಸಿದರು. ಇನ್ನೊಬ್ಬರ ನಂಬಿಕೆಯನ್ನು ಖಂಡಿಸುವುದಕ್ಕಲ್ಲ, ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೆ ಬರೆಯುತ್ತಿದ್ದೇನೆ ಎಂದು ಅವರು ಆರಂಭದಲ್ಲೇ ಸ್ಪಷ್ಟಪಡಿಸಿದ್ದಾರೆ. ಮಹ್ಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು, ಅದರಿಂದಾಗಿ ಇಲ್ಲಿನ ವಿದ್ಯೆಗಳು ಗೆದ್ದ ಪ್ರದೇಶಗಳನ್ನು ಬಿಟ್ಟು ಕಾಶ್ಮೀರ, ಬನಾರಸ್‌ನಂಥ ದೂರದ ಊರುಗಳಿಗೆ ಸರಿದುಹೋದವು ಎಂದೂ ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಆ ಅರಮನೆಯ ಅನ್ನ ಉಂಡವರು ಹೀಗೆ ಬರೆಯಬೇಕಾದರೆ ಎಂಥ ಎದೆಗಾರಿಕೆ ಬೇಕು, ನೀವೇ ಯೋಚಿಸಿ.

ಈ ಗ್ರಂಥದ ಒಂದು ಅಧ್ಯಾಯ ನಮಗೆ, ಅಂದರೆ ಕನ್ನಡಿಗರಿಗೆ ಬಹಳ ಹತ್ತಿರದ್ದು. ಭಾರತದ ಬೇರೆ ಬೇರೆ ಲಿಪಿಗಳನ್ನು ಪಟ್ಟಿ ಮಾಡುವಾಗ ಬಿರೂನಿಯವರು ಕರ್ನಾಟ ದೇಶದ ಕರ್ನಾಟ ಲಿಪಿಯನ್ನು ಹೆಸರಿಸುತ್ತಾರೆ. ಸೈನ್ಯಗಳಲ್ಲಿ ಕನ್ನರ ಎಂದು ಕರೆಯಲ್ಪಡುವ ಯೋಧರು ಬರುವುದು ಅಲ್ಲಿಂದಲೇ ಎಂದು ಸೇರಿಸುತ್ತಾರೆ. ಹೌದು, ನೀವು ಈಗ ಓದುತ್ತಿರುವ ಇದೇ ಲಿಪಿಯ ಸುದ್ದಿ ಸಾವಿರ ವರ್ಷಗಳ ಹಿಂದೆ ಗಝ್ನಿಯಲ್ಲಿ ಅರಬಿ ಭಾಷೆಯಲ್ಲಿ ದಾಖಲಾಗಿದೆ!

ಅದೇ ಅಧ್ಯಾಯದಲ್ಲಿ ಅವರು ದೊಡ್ಡ ಸಂಖ್ಯೆಗಳ ಹೆಸರುಗಳ ಬಗ್ಗೆಯೂ ಬರೆಯುತ್ತಾರೆ. ತಾವು ಒಡನಾಡಿದ ಜನಾಂಗಗಳ ಭಾಷೆಗಳನ್ನೆಲ್ಲ ಪರಿಶೀಲಿಸಿದಾಗ, ಅರಬಿಯೂ ಸೇರಿದಂತೆ ಎಲ್ಲರೂ ಸಾವಿರಕ್ಕೆ ನಿಂತುಬಿಡುತ್ತಾರೆ, ಆಮೇಲೆ ಸಾವಿರದ ಸಾವಿರ ಎಂದು ಹೇಳಿಕೊಳ್ಳುತ್ತಾರೆ ಎಂದು ಅವರು ಕಂಡುಕೊಂಡರು. ಭಾರತೀಯರು ಮಾತ್ರ ಲಕ್ಷ, ಕೋಟಿಗಳನ್ನೂ ದಾಟಿ ಹದಿನೆಂಟನೆಯ ಸ್ಥಾನವಾದ ಪರಾರ್ಧದವರೆಗೆ ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಾರೆ ಎಂದು ಗುರುತಿಸಿದರು. ನಮ್ಮ ಚದುರಂಗದ ಸಂಖ್ಯೆಯನ್ನು ಆ ಹೆಸರಿನಲ್ಲಿ ಹೇಳುವುದಾದರೆ ಅದು 184 ಪರಾರ್ಧಕ್ಕೂ ಹೆಚ್ಚು. ಇನ್ನೊಬ್ಬರಲ್ಲಿ ಇರುವ ಒಳ್ಳೆಯದನ್ನು ಒಪ್ಪಿಕೊಳ್ಳಲು ಅವರಿಗೆ ಹಿಂಜರಿಕೆ ಇರಲಿಲ್ಲ. ತಪ್ಪು ಕಂಡಲ್ಲಿ ಟೀಕಿಸಲೂ ಅಳುಕಲಿಲ್ಲ.

ಏರಿದ ಏಣಿಯಲ್ಲೇ ಇಳಿದರೆ

ಗಣಿತದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿ ಮಿತ್ರರೇ, ಈ ಸಂಖ್ಯೆಯ ಒಳಗೆ ಇನ್ನೂ ಏನೇನಿದೆ ನೋಡೋಣ. ಅದು ಒಂದು ಪೂರ್ಣ ವರ್ಗವೇ? ಅಲ್ಲ. ಐದರಲ್ಲಿ ಕೊನೆಗೊಳ್ಳುವ ಯಾವುದೇ ಪೂರ್ಣ ವರ್ಗ 25ರಲ್ಲಿ ಮುಗಿಯಬೇಕು, ಇದು 15ರಲ್ಲಿ ಮುಗಿಯುತ್ತದೆ. ಮೂರರಿಂದ ಭಾಗವಾಗುತ್ತದೆಯೇ? ಅಂಕಿಗಳನ್ನು ಕೂಡಿಸಿ, 87 ಬರುತ್ತದೆ. ಅದು ಮೂರರಿಂದ ಭಾಗವಾಗುವುದರಿಂದ ಇದೂ ಭಾಗವಾಗುತ್ತದೆ. ಒಂಬತ್ತರಿಂದ ಮಾತ್ರ ಆಗುವುದಿಲ್ಲ.

ಉಳಿದ ಭಾಜಕಗಳನ್ನು ಹುಡುಕುವುದು ಹೇಗೆ? ಬಿರೂನಿಯವರು ಏರಿದ ಏಣಿಯಲ್ಲೇ ಇಳಿದರೆ ಸಾಕು. ಒಂದು ಸಂಖ್ಯೆಯ ವರ್ಗದಿಂದ ಒಂದನ್ನು ಕಳೆದರೆ, ಆ ಸಂಖ್ಯೆಗಿಂತ ಒಂದು ಕಡಿಮೆ ಮತ್ತು ಒಂದು ಹೆಚ್ಚು ಇರುವ ಎರಡು ಸಂಖ್ಯೆಗಳ ಗುಣಲಬ್ಧ ಬರುತ್ತದೆ ಎಂಬುದು ನಿಮಗೆ ಶಾಲೆಯಲ್ಲೇ ತಿಳಿದಿದೆ. ನಮ್ಮ ಮಹಾಸಂಖ್ಯೆ 4,29,49,67,296ರ ವರ್ಗಕ್ಕಿಂತ ಒಂದು ಕಡಿಮೆ. ಆದ್ದರಿಂದ ಅದು 4,29,49,67,295 ಮತ್ತು 4,29,49,67,297 ಇವುಗಳ ಗುಣಲಬ್ಧ. ಮೊದಲನೆಯದು 65,536ರ ವರ್ಗಕ್ಕಿಂತ ಒಂದು ಕಡಿಮೆ, ಹಾಗಾಗಿ ಅದನ್ನು ಮತ್ತೆ ಒಡೆಯಬಹುದು. ಹೀಗೆ ಇಳಿಯುತ್ತಾ ಹೋದರೆ ಕೊನೆಗೆ ಸಿಗುವುದು 3, 5, 17, 257, 65,537 ಮತ್ತು 4,29,49,67,297. ಈ ಆರನ್ನೂ ಗುಣಿಸಿದರೆ ಚದುರಂಗದ ಸಂಖ್ಯೆ ಮರಳಿ ಬರುತ್ತದೆ.

ಇವುಗಳಲ್ಲಿ ಮೊದಲ ಐದು ಅವಿಭಾಜ್ಯ ಸಂಖ್ಯೆಗಳು. ಆರನೆಯದೂ ಅವಿಭಾಜ್ಯವೇ ಇರಬೇಕೆಂದು 1640ರಲ್ಲಿ ಫ್ರಾನ್ಸಿನ ಹೆಸರಾಂತ ಗಣಿತಜ್ಞ ಫರ್ಮಾ ನಂಬಿದ್ದರು. ಸುಮಾರು ಒಂದು ಶತಮಾನದ ನಂತರ, 1732ರಲ್ಲಿ, ಆಯ್ಲರ್ ಅದು 641 ಮತ್ತು 67,00,417ರ ಗುಣಲಬ್ಧ ಎಂದು ತೋರಿಸಿದರು. ಎಷ್ಟು ದೊಡ್ಡವರ ಮಾತಾದರೂ ಪರೀಕ್ಷಿಸಿಯೇ ಒಪ್ಪಬೇಕು ಎಂಬುದಕ್ಕೆ ಇದೊಂದು ಉದಾಹರಣೆ. ಹೀಗೆ ನಮ್ಮ ಸಂಖ್ಯೆ ಏಳು ಬೇರೆ ಬೇರೆ ಅವಿಭಾಜ್ಯಗಳಿಂದ ಆದದ್ದು. ಪ್ರತಿಯೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು. ಹಾಗಾಗಿ ಅದಕ್ಕೆ ಇರುವ ಭಾಜಕಗಳು ಒಟ್ಟು 128. ಎಂಟನೆಯ ಮನೆಯ ಕಾಳುಗಳ ಸಂಖ್ಯೆಯೂ ಅದೇ!

ಇನ್ನೊಂದು ಮಾತು. ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ಬರೆದರೆ ಸಾಲಾಗಿ 64 ಒಂದುಗಳು ನಿಲ್ಲುತ್ತವೆ, ಮನೆಗೊಂದರಂತೆ. 64 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ ಇದುವೇ. ನಿಮ್ಮ ಮೇಜಿನ ಮೇಲಿನ ಯಂತ್ರದೊಳಗೂ ಆ ಹಳೆಯ ಚದುರಂಗದ ಮಣೆ ಇದೆ.

ಕೊನೆಯವರೆಗೂ ವಿದ್ಯಾರ್ಥಿ

ಬಿರೂನಿಯವರು ಗಝ್ನಿಯಲ್ಲೇ ಬಾಳಿದರು. ಇಂದಿನ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ ಬೆಟ್ಟದ ಎತ್ತರವನ್ನೂ, ಅದರ ತುದಿಯಿಂದ ಕಾಣುವ ಕ್ಷಿತಿಜದ ಇಳಿಕೋನವನ್ನೂ ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಮಹ್ಮೂದನ ಮಗ ಮಸ್‌ಊದ್‌ನ ಹೆಸರಿನಲ್ಲಿ 'ಅಲ್ ಕಾನೂನುಲ್ ಮಸ್‌ಊದೀ' ಎಂಬ ಖಗೋಳ ಗ್ರಂಥ ರಚಿಸಿದರು. ಅದಕ್ಕೆ ಸುಲ್ತಾನನು ಒಂದು ಆನೆಯ ಹೊರೆಯಷ್ಟು ಬೆಳ್ಳಿಯ ನಾಣ್ಯ ಕಳಿಸಿದಾಗ ತಮಗೆ ಅದರ ಅಗತ್ಯವಿಲ್ಲವೆಂದು ಹಿಂದಿರುಗಿಸಿದರೆಂದು ಹೇಳಲಾಗುತ್ತದೆ. 1036ರ ಸುಮಾರಿಗೆ ತಮ್ಮ ಕೃತಿಗಳ ಪಟ್ಟಿಯನ್ನು ಅವರೇ ಮಾಡಿದಾಗ ಅದರಲ್ಲಿ 113 ಹೆಸರುಗಳಿದ್ದವು. ಬಹುಪಾಲು ಇಂದು ಉಳಿದಿಲ್ಲ. ಇಳಿವಯಸ್ಸಿನಲ್ಲೂ ಔಷಧಿಗಳ ಕುರಿತು 'ಕಿತಾಬುಸ್ಸೈದನಾ' ಎಂಬ ಗ್ರಂಥದಲ್ಲಿ ತೊಡಗಿದ್ದರು. ಕ್ರಿ.ಶ. 1050ರ ಆಸುಪಾಸಿನಲ್ಲಿ ಅವರು ನಿಧನರಾದರು.

ಅವರ ಕೊನೆಯ ಗಳಿಗೆಯ ಬಗ್ಗೆ ಇತಿಹಾಸಕಾರ ಯಾಕೂತ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಧರ್ಮಶಾಸ್ತ್ರಜ್ಞರಾದ ಗೆಳೆಯರೊಬ್ಬರು ನೋಡಲು ಬಂದಾಗ ಬಿರೂನಿಯವರು ಏದುಸಿರು ಬಿಡುತ್ತಿದ್ದರು. ಆ ಸ್ಥಿತಿಯಲ್ಲಿ ಅವರು ವಾರಸು ಹಂಚಿಕೆಯ ಒಂದು ಲೆಕ್ಕದ ಬಗ್ಗೆ ವಿಚಾರಿಸಿದರು. ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಗೆಳೆಯರು ಮರುಗಿದರು. ಅದನ್ನು ತಿಳಿಯದೆ ಲೋಕ ಬಿಡುವುದಕ್ಕಿಂತ ತಿಳಿದು ಬಿಡುವುದು ಒಳ್ಳೆಯದಲ್ಲವೇ ಎಂಬರ್ಥದಲ್ಲಿ ಬಿರೂನಿ ಉತ್ತರಿಸಿದರು. ಗೆಳೆಯರು ವಿವರಿಸಿದರು, ಅವರು ಕೇಳಿ ಮನನ ಮಾಡಿಕೊಂಡರು. ಗೆಳೆಯರು ಹೊರಬಂದು ದಾರಿ ಹಿಡಿಯುವಷ್ಟರಲ್ಲೇ ಮನೆಯೊಳಗಿಂದ ಅಳು ಕೇಳಿಸಿತು.

ಓದುಗರೇ, ಎರಡು ಬಾರಿ ಊರು ಕಳೆದುಕೊಂಡವರು ಅವರು. ಆಶ್ರಯ ಕೊಟ್ಟ ದೊರೆಗಳು ಬದಲಾಗುತ್ತಲೇ ಇದ್ದರು. ಯಾರೂ ಕಿತ್ತುಕೊಳ್ಳಲಾಗದೆ ಅವರ ಬಳಿ ಉಳಿದದ್ದು ಕಲಿಯುವ ಹಂಬಲ ಮತ್ತು ಯೋಚಿಸುವ ಕ್ರಮ. ದೊಡ್ಡ ಲೆಕ್ಕ ಕಂಡಾಗ ನಾವು ಹೆದರಿ ಕೈಬಿಡುತ್ತೇವೆ, ಇಲ್ಲವೇ ಮೊಬೈಲ್ ತೆಗೆಯುತ್ತೇವೆ. ಅವರು ಅದರೊಳಗಿನ ಕ್ರಮವನ್ನು ಹುಡುಕಿದರು.

ಈ ಲೇಖನ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಖಾಲಿ ಹಾಳೆಯೊಂದನ್ನು ತೆಗೆದುಕೊಂಡು ಹದಿನಾರರಿಂದ ಆರಂಭಿಸಿ, ಯಂತ್ರದ ಸಹಾಯವಿಲ್ಲದೆ ನಾಲ್ಕು ಬಾರಿ ವರ್ಗ ಮಾಡಿ, ಒಂದನ್ನು ಕಳೆಯಿರಿ. ಕೊನೆಯ ಗುಣಾಕಾರಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ. ಇಪ್ಪತ್ತು ಅಂಕಿಗಳೂ ಸರಿಯಾಗಿ ಬಂದವೇ ಎಂದು ಈ ಪುಟಗಳ ಜೊತೆ ಹೋಲಿಸಿ ನೋಡಿ.